ಯಾರ ಮನೆ, ಯಾವ ಸಮುದಾಯ?

ಬೇರೆಯವರನ್ನು ಕಟಕಟೆಗೆ ಕರೆಯುವ ಮೊದಲು ನಮ್ಮ ಮೇಲೆ ನಾವೇ ಒಂದು ಆರೋಪ ಹೊರಿಸಿಕೊಳ್ಳಬೇಕಾಗಿದೆ. ಬಂಡಾಯದ ಹೆಸರಿನಲ್ಲಿ ನಾವು ಬರೆದ ಪದ್ಯಗಳಲ್ಲಿ ಸರ್ಕಾರ ಕಿವುಡಾಗಿದೆ, ನ್ಯಾಯ ಕುರುಡಾಗಿದೆ, ಪ್ರಜಾಪ್ರಭುತ್ವ ಕುಂಟುತ್ತಿದೆ, ಬುದ್ಧಿಜೀವಿಗಳು ಮೂಗರಾಗಿ ಕೂತಿದ್ದಾರೆ. ಈ ಸಮಾಜಕ್ಕೆ ಬಯ್ಯಬೇಕೆಂದಾಗಲೆಲ್ಲ ನಮ್ಮ ಕೈಗೆ ಮೊದಲು ಸಿಕ್ಕ ಕಲ್ಲು ಕುರುಡನದು, ಕುಂಟನದು. ನಮ್ಮ ಜಾತಿಯ ಹೆಸರನ್ನು ಬೈಗುಳ ಮಾಡಿಕೊಂಡವರ ನಾಲಿಗೆ ಹಿಡಿದು ಕೇಳಿದ ನಾವೇ ಇನ್ನೊಬ್ಬರ ಮೈಯನ್ನು ಬೈಗುಳ ಮಾಡಿಕೊಂಡೆವು. 1979ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಅದಾಗಿ ಎರಡು ವರ್ಷಕ್ಕೆ, 1981ನ್ನು, ವಿಶ್ವಸಂಸ್ಥೆ ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಕರೆಯಿತು. ಆ ವರ್ಷದ ಬಗ್ಗೆ ನಮ್ಮವರು ಬರೆದ ಒಂದು ಸಾಲೂ ನಮಗೆ ನೆನಪಿಲ್ಲ. ಭೂಮಿಯ ಪ್ರಶ್ನೆ ಇತ್ತು, ಕೆರೆಯ ನೀರಿನ ಪ್ರಶ್ನೆ ಇತ್ತು, ಅದಕ್ಕೆ ಪುರುಸೊತ್ತಿರಲಿಲ್ಲ ಅನ್ನಬಹುದು. ಆದರೆ ಕೇರಿಯ ಮೂಲೆಯ ಮನೆಯಲ್ಲಿ ಚಾಪೆಯ ಮೇಲೆ ಬಿದ್ದಿದ್ದ ಹುಡುಗಿಗೂ ಅದೇ ಭೂಮಿ ಇರಲಿಲ್ಲ, ಅದೇ ನೀರು ಇರಲಿಲ್ಲ.

ಈ ಮಾತು ಈಗ ಬಂದದ್ದಕ್ಕೆ ಕಾರಣ ಇದೆ. ನಾವು ಕೆಲವರು ಗೆಳೆಯರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಕೇರಿ, ತಾಂಡಾಗಳನ್ನು ಅಷ್ಟಿಷ್ಟು ಅಡ್ಡಾಡಿ ಬಂದೆವು. (ಈ ನಾಲ್ಕನ್ನೂ ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಅಂತ ಹೊಸ ತಾಲೂಕುಗಳನ್ನು ಮಾಡಿದ್ದಾರೆ. ಮಂದಿಯ ಬಾಯಾಗ ಇನ್ನೂ ಹಳೇ ನಾಕೇ ಅದಾವ.) ಎಲ್ಲ ಕಡೆ ಕಾಗದದ ಮೇಲೆ, ಸಭೆಗಳಲ್ಲಿ, ಗೋಡೆಗೆ ಕಟ್ಟಿದ ಬ್ಯಾನರುಗಳಲ್ಲಿ ಒಂದೇ ಮಾತು: "ಮನೆ ಮತ್ತು ಸಮುದಾಯ ಆಧಾರಿತ ಬೆಂಬಲ ಸೇವೆ". ನಾವು ಡಾಕ್ಟರರಲ್ಲ, ಅಧಿಕಾರಿಗಳಲ್ಲ. ನಮಗೆ ಗೊತ್ತಿರುವ ಕಸುಬು ಒಂದೇ: ಶಬ್ದವನ್ನು ಓದುವುದು, ಅದನ್ನು ಯಾರು ಯಾರಿಗೆ ಅಂದರು, ಅಂದು ಏನನ್ನು ಮುಚ್ಚಿದರು ಅಂತ ಕೇಳುವುದು. ಒಂದು ಪದ್ಯವನ್ನು ಹೇಗೆ ಬಿಡಿಸಿ ನೋಡುತ್ತೇವೋ ಹಾಗೆ ಈ ಮಾತನ್ನೂ ಬಿಡಿಸಿ ನೋಡೋಣ ಅಂತ ಕೂತೆವು.

ಮೊದಲು ಹೆಸರಿನ ಮಾತು. "ಹರಿಜನ" ಅನ್ನುವ ಹೆಸರು ನಮಗೆ ಯಾಕೆ ಬೇಡವಾಯಿತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. 2015ರ ಡಿಸೆಂಬರಿನಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ಮಾತಾಡುತ್ತ ಅಂಗವಿಕಲರಿಗೆ "ದಿವ್ಯಾಂಗ" ಎಂಬ ಹೆಸರು ಸೂಚಿಸಿದಾಗ ನಮಗೆ ನೆನಪಾದದ್ದು ಅದೇ. ಹರಿಯ ಮಕ್ಕಳು ಅಂದವರು ಹರಿಯ ಗುಡಿಯ ಹೊರಗೇ ನಿಲ್ಲಿಸಿದರು. ಅಂಗ ದಿವ್ಯವಾದದ್ದು ಅಂದವರು ಪಂಚಾಯ್ತಿ ಕಟ್ಟಡದ ಮೆಟ್ಟಿಲನ್ನು ಇದ್ದ ಹಾಗೇ ಇಟ್ಟರು. ನಮ್ಮ ರಾಜ್ಯ ಸರ್ಕಾರದ ಶಬ್ದ "ವಿಕಲಚೇತನ". ಅಂಗದ ಹೆಸರೆತ್ತಿದರೆ ನೋವಾದೀತೆಂಬ ಸಭ್ಯತೆಯಿಂದ ಹುಟ್ಟಿದ ಶಬ್ದವಿದು, ಆದರೆ ಬಿಡಿಸಿ ಓದಿದರೆ ಊನ ಕಾಲನ್ನು ಬಿಟ್ಟು ಚೇತನಕ್ಕೇ ಏರಿ ಕೂತಿದೆ! ಹಳ್ಳಿಯಲ್ಲಿ ಈ ಯಾವ ಹೆಸರೂ ಇಲ್ಲ. ಕುಂಟ್ಯಾ, ಕುರುಡಿ, ಮೂಕ, ಹುಚ್ಚಿ ಅಂತಾರ. ತೊಟ್ಟಿಲಾಗ ಇಟ್ಟ ಹೆಸರು ರೇಷನ್ ಕಾರ್ಡಿನಾಗ ಮಾತ್ರ ಉಳಿದಿರತದ. ನಾವು ಇಲ್ಲಿ ಅಂಗವಿಕಲರು ಎಂಬ ಹಳೆಯ ಶಬ್ದವನ್ನೇ ಬಳಸಿದ್ದೇವೆ. ಅದು ಉಳಿದವಕ್ಕಿಂತ ಕಡಿಮೆ ಸುಳ್ಳು ಹೇಳುತ್ತದೆ ಎಂಬುದಷ್ಟೇ ಕಾರಣ.

ಬಾಗೇವಾಡಿಗೆ ಹೋದವರು ಬಸವಣ್ಣನನ್ನು ಬಿಟ್ಟು ಮಾತಾಡುವ ಹಾಗಿಲ್ಲ. ಅವನ ಒಂದು ವಚನ ಎಲ್ಲರಿಗೂ ಬಾಯಿಪಾಠ. ಕಾಲು ಕಂಡಲ್ಲಿ ಹೋಗದಂತೆ ತನ್ನನ್ನು ಹೆಳವನನ್ನಾಗಿ ಮಾಡೆಂದು, ಕಣ್ಣು ಅಲೆಯದಂತೆ ಕುರುಡನನ್ನಾಗಿ, ಕಿವಿ ಬೇರೊಂದನ್ನು ಕೇಳದಂತೆ ಕಿವುಡನನ್ನಾಗಿ ಮಾಡೆಂದು ಅವನು ದೇವರನ್ನು ಬೇಡುತ್ತಾನೆ. ಭಕ್ತಿಯ ಏಕಾಗ್ರತೆಗೆ ಇದಕ್ಕಿಂತ ತೀವ್ರವಾದ ಪ್ರತಿಮೆ ಕನ್ನಡದಲ್ಲಿ ಕಡಿಮೆ, ಅದನ್ನು ನಾವು ಒಪ್ಪುತ್ತೇವೆ. ಬಸವಣ್ಣನನ್ನು ಇಲ್ಲಿ ಅಪರಾಧಿ ಮಾಡುವುದೂ ನಮ್ಮ ಉದ್ದೇಶವಲ್ಲ. ಬಿಜ್ಜಳನ ಭಂಡಾರಿಯಾಗಿದ್ದವನು, ಎಲ್ಲಿಗೆ ಬೇಕಾದರೂ ಹೋಗಬಲ್ಲವನಾಗಿದ್ದವನು, ಹೋಗುವುದನ್ನು ಬಿಟ್ಟುಕೊಡುತ್ತಾನೆ, ಅದರಲ್ಲಿ ತ್ಯಾಗ ಇದೆ. ಆದರೆ ಇದೇ ವಚನವನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡುವಾಗ ಹೊರಗೆ ಬಾಗಿಲ ಬಳಿ ಕೋಲು ಊರಿ ನಿಂತ ಹುಡುಗ ಏನು ಕೇಳಿಸಿಕೊಂಡ? ಅವನು ಬೇಡದೆಯೇ ಬಂದದ್ದನ್ನು ಮತ್ತೊಬ್ಬ ವರವಾಗಿ ಬೇಡುತ್ತಿದ್ದಾನೆ. ನಮ್ಮ ವಿಮರ್ಶೆ ಈ ವಚನದ ಪ್ರತಿಮಾ ವಿಧಾನವನ್ನು ಎಷ್ಟೋ ಸಲ ಕೊಂಡಾಡಿದೆ. ಆ ಹುಡುಗನ ಕಡೆಯಿಂದ ಅದನ್ನು ಓದಿದ್ದು ನಮಗೆ ತಿಳಿದಂತೆ ಅಪರೂಪ. ಕಾಯಕ-ದಾಸೋಹದ ವಿಚಾರದಲ್ಲೂ ಹೀಗೇ ಒಂದು ಪ್ರಶ್ನೆ ಉಳಿದಿದೆ. ಕಾಯಕ ಮಾಡಲಾರದ ಮೈಯವನಿಗೆ ಅನುಭವ ಮಂಟಪದಲ್ಲಿ ಜಾಗ ಎಲ್ಲಿ? ದಾಸೋಹದ ಪಂಕ್ತಿಯಲ್ಲಿ ಮಾತ್ರವೋ?

ಹೆಳವ ಎಂಬ ಶಬ್ದಕ್ಕೆ ನಮ್ಮ ಕಡೆ ಇನ್ನೊಂದು ಬಾಳುವೆಯೂ ಉಂಟು. ಹೆಳವರು ಎಂಬ ಅಲೆಮಾರಿ ಜಾತಿಯವರು ಎತ್ತಿನ ಮೇಲೆ ಕೂತು, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಊರಿಗೆ ಬಂದು ಮನೆತನಗಳ ವಂಶಾವಳಿ ಒಪ್ಪಿಸುತ್ತಿದ್ದರು. ಕಾಲಿದ್ದವನೂ ಕಾಲು ಮುಚ್ಚಿಕೊಂಡು ಹೆಳವನಾಗಿ ಬಂದಾಗ ಊರು ಕಾಳು ಅಳೆದು ಕೊಟ್ಟಿತು. ನಿಜವಾಗಿ ಕಾಲಿಲ್ಲದವನಿಗೆ ಆ ಎತ್ತು ಸಿಕ್ಕಿತೇ ಎಂಬುದು ಬೇರೆ ಮಾತು.

ಈಗ "ಮನೆ"ಗೆ ಬರೋಣ. ಯೋಜನೆ ಬರೆದವರ ಕಣ್ಣ ಮುಂದೆ ಒಂದು ಮನೆ ಇದೆ. ಅದಕ್ಕೆ ಕೋಣೆಗಳಿವೆ, ಒಳಗೆ ನಲ್ಲಿ ಇದೆ, ಪಾಯಖಾನೆ ಇದೆ, ಹಗಲೆಲ್ಲ ಮನೆಯಲ್ಲೇ ಇರುವ ತಾಯಿ ಇದ್ದಾಳೆ. ವಾರಕ್ಕೊಮ್ಮೆ ಕಾರ್ಯಕರ್ತ ಬಂದು ಕೈಕಾಲು ಮಡಚುವ ವ್ಯಾಯಾಮ ಕಲಿಸುತ್ತಾನೆ, ಉಳಿದ ಆರು ದಿನ ತಾಯಿ ಅದನ್ನು ಮಾಡಿಸುತ್ತಾಳೆ. ಸಿಂದಗಿ ಕಡೆಯ ಒಂದು ಕೇರಿಯಲ್ಲಿ ನಾವು ಕಂಡ ಮನೆ ಹತ್ತು ಮೊಳ ಅಗಲದ್ದು. ಒಲೆ ಅಲ್ಲೇ, ಜೋಳದ ಚೀಲ ಅಲ್ಲೇ, ಆಡಿನ ಮರಿ ಅಲ್ಲೇ, ಹದಿನಾಲ್ಕು ವರ್ಷದ ಹುಡುಗಿಯ ಹಾಸಿಗೆಯೂ ಅಲ್ಲೇ. ಹುಡುಗಿಗೆ ತಾನಾಗಿ ಕೂಡಲು ಬರುವುದಿಲ್ಲ. ಮಾತು ಇಲ್ಲ, ನಗು ಇದೆ. ತಾಯಿ ತಂದೆ ದೀಪಾವಳಿ ಮುಗಿಯುತ್ತಲೇ ಗುಳೆ ಹೋಗುತ್ತಾರೆ. ಒಂದು ವರ್ಷ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲಿಕ್ಕೆ, ಒಂದು ವರ್ಷ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ. ಯುಗಾದಿಯ ತನಕ ಮನೆಯಲ್ಲಿ ಉಳಿಯುವವರು ಹುಡುಗಿ ಮತ್ತು ಅಜ್ಜಿ.

ಅಜ್ಜಿಗೆ ನಾವು ಕೇಳಿದೆವು, ಮನೆಗೇ ಬಂದು ಸೇವೆ ಕೊಡತಾರಂತಲ್ಲ, ಬರತಾರೇನು ಅಂತ.

"ಬರತಾರ ಯಪ್ಪಾ, ಪೋಟೊ ಹೊಡಕೊಂಡು ಹೋಗತಾರ. ಮನ್ಯಾಗ ಇಟಗೊಂಡು ಚೆಂದಂಗಿ ನೋಡಿಕೋ ಅಂತಾರ. ಮನ್ಯಾಗ ಇಟಗೊಳ್ಳಲಾರದ ಎಲ್ಲಿ ಒಗೀಲಿ ಇದನ್ನ? ಈಗ ಅದಕ್ಕ ಸೇವಾ ಅಂತ ಹೆಸರ ಐತಂತ. ನಾ ಹದಿನಾಕ ವರ್ಷ ಮಾಡೀನಿ, ನನಗ ಹೆಸರು ಗೊತ್ತಿದ್ದಿಲ್ಲ."

ಆಮೇಲೆ ನಮ್ಮ ಜೊತೆ ಬಂದಿದ್ದ ಗೆಳತಿಯನ್ನು ಒಳಗೆ ಕರೆದು ಅಜ್ಜಿ ಹೇಳಿದ್ದು ಬೇರೆ. ಹುಡುಗಿ ದೊಡ್ಡವಳಾಗಿದ್ದಾಳೆ. ತಿಂಗಳಿಗೆ ನಾಲ್ಕು ದಿನ ಬಟ್ಟೆ ಬದಲಿಸಬೇಕು, ತೊಳೆಯಬೇಕು, ನೀರು ಕೇರಿಯ ಟಾಕಿಯಿಂದ ತರಬೇಕು. ಎತ್ತಿ ಹೊರಗೆ ಒಯ್ಯಲು ಅಜ್ಜಿಯ ಸೊಂಟ ಆಗುವುದಿಲ್ಲ. ಬೆನ್ನಿನ ಮೇಲೆ ಹುಣ್ಣಾಗಿದೆ, ಅದಕ್ಕೆ ಅರಿಷಿಣ ಹಚ್ಚಿದ್ದಾಳೆ. ಕೂಲಿಗೆ ಹೋದರೆ ಕಟ್ಟಿ ಹಾಕಿ ಹೋಗಬೇಕು, ಹೋಗದಿದ್ದರೆ ಒಲೆ ಹೊತ್ತುವುದಿಲ್ಲ. ಬ್ಯಾನರಿನಲ್ಲಿ "ಮನೆ" ಅಂತ ಬರೆದ ಎರಡಕ್ಷರದೊಳಗೆ ಇಷ್ಟು ಕೆಲಸ ಇದೆ, ಇದಕ್ಕೆ ಕೂಲಿ ಇಲ್ಲ. ಸರ್ಕಾರ ಉಳಿಸಿಕೊಂಡ ಹಣ ಇದೇ. ಆಸ್ಪತ್ರೆ ಕಟ್ಟಬೇಕಿಲ್ಲ, ಸಿಬ್ಬಂದಿ ಇಡಬೇಕಿಲ್ಲ, ಹೆಣ್ಣೊಬ್ಬಳ ಸೊಂಟ ಇದ್ದರೆ ಸಾಕು. ಅಂಗವಿಕಲರ ಮಾಸಾಶನ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು, ಊನ ಹೆಚ್ಚಿದ್ದವರಿಗೆ ಅದಕ್ಕಿಂತ ಮೇಲೆ. ಆರೈಕೆ ಮಾಡುವವರಿಗೇ ತಿಂಗಳಿಗೆ 1,000 ರೂಪಾಯಿ ಕೊಡುವ ಮಾತು ರಾಜ್ಯದ ಬಜೆಟ್ಟಿನಲ್ಲಿ ಬಂದದ್ದು 2024ರಲ್ಲಿ, ಅದೂ ಎಣಿಸಿದ ಕೆಲವು ಕಾಯಿಲೆಗಳಿಗೆ. ದಿನಕ್ಕೆ 33 ರೂಪಾಯಿ ಬಿತ್ತು. ಅಷ್ಟಾದರೂ ಈ ಕೆಲಸವನ್ನು ಕೆಲಸ ಅಂತ ಒಪ್ಪಿಕೊಂಡರಲ್ಲ ಅನ್ನುವುದಕ್ಕೆ ನಾವು ಇದನ್ನು ಸಣ್ಣದೆಂದು ತಳ್ಳಿಹಾಕುವುದಿಲ್ಲ.

ಕೇರಿಯ ಸಂದಿಯಲ್ಲಿ ನಾವು ಒಂದು ತ್ರಿಚಕ್ರ ಸೈಕಲ್ಲನ್ನೂ ಕಂಡೆವು. ಶಿಬಿರದಲ್ಲಿ ಹಂಚಿದ್ದು. ಎರೆ ಮಣ್ಣಿನ ಸೀಮೆ ಇದು, ಎರಡು ಹನಿ ಬಿದ್ದರೆ ರಾಡಿ ಗಾಲಿಗೆ ಅಂಟಿ ಕಲ್ಲಾಗುತ್ತದೆ. ಸೈಕಲ್ಲಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ತಿಕೀಟಿಲ್ಲ ನಿಜ, ಆದರೆ ಬಸ್ಸಿನ ತನಕ ಹದಿನಾಲ್ಕು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತು ತರುವ ಶಕ್ತಿಗೆ ಯಾವ ಯೋಜನೆಯೂ ಇಲ್ಲ.

"ಸಮುದಾಯ" ಎಂಬ ಎರಡನೆಯ ಶಬ್ದ ಇನ್ನೂ ಮೋಸದ್ದು. ನಗರದಲ್ಲಿ ಕೂತು ಈ ಶಬ್ದ ಕೇಳಿದರೆ ಆಲದ ಕಟ್ಟೆ, ಸುತ್ತ ಕೂತ ಹಿರಿಯರು, ಒಬ್ಬರಿಗೊಬ್ಬರು ಆಗುವ ಮಂದಿ ಕಾಣಿಸುತ್ತಾರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಇದೇ ಚಿತ್ರವನ್ನು ಹರಿದು ಹಾಕಿದರು. ಹಳ್ಳಿಯನ್ನು ಹೊಗಳುವವರಿಗೆ ಅವರು ಅದರ ಸಂಕುಚಿತತನವನ್ನು, ಅಜ್ಞಾನವನ್ನು, ಕೋಮುಭಾವವನ್ನು ತೋರಿಸಿದರು. ಮುದ್ದೇಬಿಹಾಳದ ಕೇರಿಯಲ್ಲಿ ಹುಟ್ಟಿ ಬೆಳೆದ ಅರವಿಂದ ಮಾಲಗತ್ತಿ ಅವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂದಾಗ ಊರು ಎಂಬುದು ಕೇರಿಗೆ ಹೇಗೆ ಕಾಣುತ್ತದೆ ಎಂಬುದು ಕನ್ನಡಕ್ಕೆ ಗೊತ್ತಾಯಿತು. ಅದನ್ನು ಓದಿದವರು "ಸಮುದಾಯ ನೋಡಿಕೊಳ್ಳುತ್ತದೆ" ಎಂಬ ಮಾತನ್ನು ಅಷ್ಟು ಸಲೀಸಾಗಿ ಬರೆಯಲಾರರು.

ನಮ್ಮ ರಾಜ್ಯದಲ್ಲಿ ಒಂದೂವರೆ ದಶಕಕ್ಕೂ ಮೇಲ್ಪಟ್ಟು ಗ್ರಾಮ ಪಂಚಾಯ್ತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂಬ ಏರ್ಪಾಡು ಇದೆ. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ಇದು ದೊಡ್ಡ ಮಾತು, ಇಡೀ ಯೋಜನೆಯಲ್ಲಿ ನಮಗೆ ಹಿಡಿಸಿದ ಒಂದು ಅಂಶ. ಮುದ್ದೇಬಿಹಾಳ ಕಡೆ ನಮಗೆ ಸಿಕ್ಕ ಒಬ್ಬ ಕಾರ್ಯಕರ್ತ ನಮ್ಮ ಹುಡುಗ. ಪೋಲಿಯೋದಲ್ಲಿ ಒಂದು ಕಾಲು ಸೊರಗಿದೆ, ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಾನೆ. ಊರಲ್ಲಿ ಲಕ್ವಾ ಹೊಡೆದು ಬಿದ್ದ ಒಬ್ಬ ದೊಡ್ಡ ಮನುಷ್ಯರ ಮನೆಗೆ ಪಟ್ಟಿಯ ಪ್ರಕಾರ ಹೋದ. ಕಟ್ಟೆಯ ಮೇಲೆ ಕೂಡಿಸಿ, ಚಹಾ ಬೇರೆ ಲೋಟದಲ್ಲಿ ಕೊಟ್ಟು, ಹೆಂಗ ಮಾಡಬೇಕು ಅಂತ ಬಾಯಿಲೇ ಹೇಳು, ನಾವು ಮಾಡತೀವಿ ಅಂದರಂತೆ. ನೂರಾರು ವರ್ಷ ಅಡ್ಡಬೀಳಿಸಿಕೊಂಡ ಕಾಲದು. ಮಡಚಿ ಬಿಡಿಸಲು ಹಿಡಿಯಬೇಕಾದಾಗ ಆ ಕೈ ಬೇಡವಾಯಿತು. ಅವನು ಇದನ್ನು ನಗುತ್ತಲೇ ಹೇಳಿದ. "ರಜಿಸ್ಟರದಾಗ ಭೇಟಿ ನೀಡಲಾಯಿತು ಅಂತ ಬರದೀನ್ರಿ. ಕಟ್ಟಿ ತನಕ ಅಂತ ಬರಿಯಾಕ ಅಲ್ಲಿ ಜಾಗ ಇಲ್ಲ."

ಇನ್ನು ಅದರ ಉಲ್ಟಾ. ಕಾರ್ಯಕರ್ತ ಮೇಲಿನ ಜಾತಿಯವನಾದರೆ ಕೇರಿಯ ಹೊಸ್ತಿಲು ದಾಟುತ್ತಾನೆಯೇ? ಕೆಲವರು ದಾಟುತ್ತಾರೆ, ಅಂಥವರನ್ನು ನಾವು ಕಂಡೆವು, ಹುಣ್ಣು ತೊಳೆದದ್ದನ್ನೂ ಕಂಡೆವು. ತನ್ನ ಮೈಗೆ ಬಿದ್ದ ಅವಮಾನ ಇನ್ನೊಬ್ಬರ ಅವಮಾನವನ್ನು ತಿಳಿಸಿಕೊಟ್ಟಿರಬಹುದು. ಕೆಲವರು ಅಂಗನವಾಡಿಯ ಮುಂದೆ ನಿಂತು ಅಲ್ಲಿಗೇ ಹೊತ್ತು ತರಿಸುತ್ತಾರೆ. ಯೋಜನೆಯಲ್ಲಿ ಇದಕ್ಕೊಂದು ಕಾಲಂ ಇಲ್ಲ. ಇವರೆಲ್ಲರಿಗೂ ಸರ್ಕಾರ ಕೊಡುವ ಹಣದ ಹೆಸರು "ಗೌರವಧನ". ಸಂಬಳ ಅಂದರೆ ಹಕ್ಕು ಹುಟ್ಟುತ್ತದೆ, ಅದಕ್ಕೇ ಗೌರವ ಕೊಟ್ಟಿದ್ದಾರೆ!

ಕಾಯಿದೆಯನ್ನೂ ಒಮ್ಮೆ ಓದಿರಿ. 2006ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಹಾಕಿತು. ಅದರ 19ನೆಯ ವಿಧಿ ಅಂಗವಿಕಲರು ಉಳಿದವರಂತೆ ಸಮುದಾಯದ ನಡುವೆ ಬಾಳುವ ಹಕ್ಕನ್ನು ಹೇಳುತ್ತದೆ. ಅದನ್ನು ಅನುಸರಿಸಿ ಬಂದ 2016ರ ನಮ್ಮ ಕಾಯಿದೆಯ 5ನೆಯ ಕಲಮು, ಯಾರನ್ನೂ ಇಂಥ ಕಡೆಯೇ ಇರು ಎಂದು ಕಟ್ಟಿಹಾಕಬಾರದು, ಮನೆಯಲ್ಲಿ ಮತ್ತು ಸಮುದಾಯದಲ್ಲಿ ಬೆಂಬಲ ಸೇವೆ ಸಿಗಬೇಕು, ವೈಯಕ್ತಿಕ ಸಹಾಯಕರು ಸಿಗಬೇಕು ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಕ್ರಿಯಾಪದ ನೋಡಿ: ಸರ್ಕಾರ ಇದಕ್ಕೆ "ಪ್ರಯತ್ನಿಸಬೇಕು". ಸಾಮಾಜಿಕ ಭದ್ರತೆಯ 24ನೆಯ ಕಲಮಿಗೆ ಬಂದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಬೇಲಿ. ಇನ್ನೊಂದು ಸೂಕ್ಷ್ಮ ಇದೆ. ಮನೆಗೆ ಬರುವ ಸಹಾಯ ವಯಸ್ಸನ್ನೂ ಲಿಂಗವನ್ನೂ ಗಮನದಲ್ಲಿ ಇಟ್ಟುಕೊಂಡು ಇರಬೇಕೆಂದು ಇದೇ 5ನೆಯ ಕಲಮು ಹೇಳುತ್ತದೆ. ವಯಸ್ಸು ಬಂತು, ಲಿಂಗ ಬಂತು, ಜಾತಿ ಬರಲಿಲ್ಲ. ಮೈ ಮುಟ್ಟಿ ಮಾಡಬೇಕಾದ ಕೆಲಸದ ಬಗ್ಗೆ, ಮುಟ್ಟಬಾರದೆಂಬ ನಿಯಮವಿರುವ ದೇಶದಲ್ಲಿ, ಕಾಯಿದೆ ಬರೆದವರಿಗೆ ಆ ಶಬ್ದ ಹೊಳೆಯಲಿಲ್ಲ. 2011ರ ಜನಗಣತಿಯ ಲೆಕ್ಕದಲ್ಲೇ ದೇಶದ ಒಟ್ಟು ಜನರಲ್ಲಿ ಅಂಗವಿಕಲರು ಶೇಕಡಾ 2.21, ಪರಿಶಿಷ್ಟ ಜಾತಿಯವರಲ್ಲಿ 2.45. ಹಸಿವು, ಅಪಾಯದ ಕೂಲಿ, ಸಿಗದ ಸೂಲಗಿತ್ತಿ, ಕುಡಿಯುವ ನೀರಿನಲ್ಲಿನ ಫ್ಲೋರೈಡು, ಇವೆಲ್ಲ ಜಾತಿ ಕೇಳಿಯೇ ಮೈಗೆ ಹತ್ತುತ್ತವೆ. ಕಾಲಿಲ್ಲದ, ಕಣ್ಣಿಲ್ಲದ ಹೆಣ್ಣು ಕೂಸಿಗೆ ಯಾರು ಗಂಡು ಕೊಟ್ಟಾರು ಅಂತ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ ಮನೆಗಳೂ ನಮ್ಮ ಕೇರಿಗಳಲ್ಲಿ ಇದ್ದವು. 1982ರ ದೇವದಾಸಿ ನಿಷೇಧ ಕಾಯಿದೆಯ ನಂತರವೂ ಅದು ಒಮ್ಮೆಲೇ ನಿಲ್ಲಲಿಲ್ಲ. ಅದೂ ಒಂದು "ಸಮುದಾಯ ಆಧಾರಿತ" ಏರ್ಪಾಡೇ ಆಗಿತ್ತು.

"ಪುನರ್ವಸತಿ" ಎಂಬ ಶಬ್ದ ಈ ಸೀಮೆಗೆ ಹೊಸದಲ್ಲ. 1978ರ ಆಲ್ಮಾ ಆಟಾ ಸಮ್ಮೇಳನದ ಬೆನ್ನಿಗೆ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನರ್ವಸತಿಯ ವಿಚಾರವನ್ನು ಬಡ ದೇಶಗಳಿಗೆ ಹಂಚಿತು, ಅಲ್ಲಿಂದ ಅದು ನಮ್ಮ ಇಲಾಖೆಗಳ ಕಾಗದಕ್ಕೆ ಬಂತು. ಆದರೆ ಬಾಗೇವಾಡಿ, ಮುದ್ದೇಬಿಹಾಳದ ಮಂದಿಗೆ ಈ ಶಬ್ದ ಕಲಿಸಿದ್ದು ಆಲಮಟ್ಟಿ ಅಣೆಕಟ್ಟು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ಮುಂದೆ ಕೃಷ್ಣೆ ಏರಿದಳು, ಊರು ಮುಳುಗಿದವು, ದಿಬ್ಬದ ಮೇಲೆ ಪುನರ್ವಸತಿ ಕೇಂದ್ರಗಳು ಎದ್ದವು. ಹೀಗಾಗಿ ಇಲ್ಲಿಯ ಕಿವಿಗೆ ಪುನರ್ವಸತಿ ಅಂದರೆ ಮೊದಲು ಇದ್ದದ್ದನ್ನು ಕಸಿದು ಆಮೇಲೆ ಅರ್ಜಿ ಬರೆಸಿಕೊಳ್ಳುವುದು. ಅಂಗವಿಕಲರ ಪುನರ್ವಸತಿ ಕಾರ್ಯಕರ್ತ ಅಂತ ಮೊದಲ ಸಲ ಪರಿಚಯ ಹೇಳಿಕೊಂಡಾಗ ಒಬ್ಬ ಮುದುಕ, "ಯಾವ ಪ್ಲಾಟ್ ನಂಬರಪಾ ನಿಂದು?" ಅಂತ ಕೇಳಿದನಂತೆ.

ಹಂಗಾದರ ಮನೆ ಬೇಡ, ಆಶ್ರಮ ಕಟ್ಟಿರಿ ಅಂತೀರೇನು ಅಂತ ಗೆಳೆಯರು ಕೇಳಬಹುದು. ಉತ್ತರ ಕರ್ನಾಟಕದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮ ಇದೆ. ತಾವೇ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಕಟ್ಟಿ, ಅವರ ನಂತರ 2010ರಲ್ಲಿ ತೀರಿಕೊಳ್ಳುವ ತನಕ ಪುಟ್ಟರಾಜ ಗವಾಯಿಗಳು ನಡೆಸಿದ್ದು. ಎಷ್ಟೋ ಬಡ ಅಂಧ ಹುಡುಗರು ಅಲ್ಲಿ ಅನ್ನ ಉಂಡರು, ಹಾಡು ಕಲಿತರು. ಬೆಂಗಳೂರಿನಲ್ಲಿ 1959ರಲ್ಲೇ, ತಾವೇ ಅಂಗವಿಕಲರಾಗಿದ್ದ ಎನ್.ಎಸ್. ಹೇಮಾ ಅಂಗವಿಕಲರ ಸಂಸ್ಥೆಯನ್ನು ಕಟ್ಟಿದರು. ಇವನ್ನು ನಾವು ಕಡಿಮೆ ಮಾಡಿ ನೋಡುವುದಿಲ್ಲ. ಆದರೆ ಕಂ‌ಠವಿಲ್ಲದ, ತಾಳ ಹಿಡಿಯಲಾರದ, ಬುದ್ಧಿ ಬೆಳೆಯದ ಕೂಸು ಯಾವ ಗದುಗಿಗೆ ಹೋಗಬೇಕು? ಅದಕ್ಕೆ ಮನೆಯೇ ಬೇಕು, ಊರೇ ಬೇಕು. ಅದಕ್ಕೇ ನಾವು ಈ ಶಬ್ದಗಳನ್ನು ಎಸೆಯಿರಿ ಅನ್ನುತ್ತಿಲ್ಲ, ಅವುಗಳ ಬೆಲೆ ಕಟ್ಟಿರಿ ಅನ್ನುತ್ತೇವೆ. ಅಜ್ಜಿಯ ಕೆಲಸಕ್ಕೆ ಕೂಲಿ ಕೊಡಿ. ಕಾರ್ಯಕರ್ತನಿಗೆ ಸಂಬಳ ಕೊಡಿ, ಅವನು ಯಾವ ಹೊಸ್ತಿಲ ಹೊರಗೆ ನಿಂತ ಎಂದು ಬರೆಯಲು ರಜಿಸ್ಟರಿನಲ್ಲಿ ಒಂದು ಕಾಲಂ ಕೊಡಿ. ಮನೆ ಗುಳೆ ಹೋದರೆ ಸೇವೆಯೂ ಬೆನ್ನು ಹತ್ತಿ ಕಬ್ಬಿನ ಗದ್ದೆಯ ಗುಡಿಸಲಿಗೆ ಹೋಗಲಿ, ಮಹಾರಾಷ್ಟ್ರದ ಗಡಿ ಎಂಬುದು ನಮ್ಮ ಕೂಲಿಯವರಿಗೆ ಎಂದೂ ಇರಲಿಲ್ಲ.

ಬರೆಯುವ ನಮಗೂ ಕೆಲಸ ಉಂಟು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಸಿ 'ಗರತಿಯ ಹಾಡು' ಮಾಡಿದರು. ಕನ್ನಡ ಅವರಿಗೆ ಋಣಿ. ಅಂಗಳದಲ್ಲಿ ಆಡಿ ಬರುವ ಕೂಸಿನ ಹಾಡುಗಳನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಐದು ವರ್ಷವಾದರೂ ಕತ್ತು ನಿಲ್ಲದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೀಸಿದವಳು ಏನು ಹಾಡಿಕೊಂಡಳು? ನಮ್ಮ ಓದಿನಲ್ಲಿ ಆ ಹಾಡು ಸಿಗಲಿಲ್ಲ. ಹಾಡಿರಲಾರಳು ಅಂತ ನಂಬುವುದು ಕಷ್ಟ, ಯಾರೂ ಕೇಳಿ ಬರೆದುಕೊಳ್ಳಲಿಲ್ಲ ಅನ್ನುವುದೇ ಸರಿ ಇದ್ದೀತು. ಸಿಂದಗಿ ಕಡೆಯ ಅಜ್ಜಿ ಹುಡುಗಿಗೆ ಗಂಜಿ ಕುಡಿಸುವಾಗ ಏನನ್ನೋ ಗುನುಗುತ್ತಿದ್ದಳು. ಮುಂದಿನ ಸಲ ಬಂದಾಗ ಕೂತು ಬರೆದುಕೊಳ್ಳೋಣ ಅಂತ ನಾವು ಎದ್ದು ಬಂದೆವು.

ದೀಪಾವಳಿಯ ಮೇಲೆ ಮತ್ತೆ ಹೋದಾಗ ಬಾಗಿಲಿಗೆ ಬೀಗ ಇತ್ತು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಒಲೆ ಹಚ್ಚುವುದೂ ಆಗದಂತಾಗಿ, ಈ ಸಲ ಇಬ್ಬರನ್ನೂ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೌದಿ ಹಾಸಿ ಮಲಗಿಸಿಕೊಂಡು ಕಬ್ಬಿಗೆ ಹೋದರು ಅಂತ ನೆರೆಮನೆಯವರು ಹೇಳಿದರು. ಆ ಪಂಚಾಯ್ತಿಯ ಕಾರ್ಯಕರ್ತ ತನ್ನ ರಜಿಸ್ಟರು ತೆಗೆದು ತೋರಿಸಿದ. ಹುಡುಗಿಯ ಹೆಸರಿನ ಮುಂದೆ ಎರಡು ತಿಂಗಳಿಂದ ಒಂದೇ ಮಾತು ಬರೆದಿದ್ದ: ಮನೆಗೆ ಬೀಗ.